ನಾಲ್ಕು ಬೆರಳು ಎಣ್ಣೆ

"ಬುದ್ಧೀ, ಇಟ್ಟುಕೊಂಡು ಇಲ್ಲ ಎನ್ನುವುದು ಸುಳ್ಳಲ್ಲವೇ?"

ಕೇಳಿದವನು ತೋಂಟೇಶ. ಹೆದ್ದಾರಿಯ ಪಕ್ಕದಲ್ಲಿ ಒಂದು ಮಠ. ಮಠಕ್ಕೆ ಸೇರಿದಂತೆ ಒಂದು ಆರೈಕೆ ಮನೆ. ಯಾರೂ ನೋಡಿಕೊಳ್ಳದ ರೋಗಿಗಳು ಅಲ್ಲಿ ಮಲಗಿರುತ್ತಿದ್ದರು. ಅವರಿಗೆ ಗಂಜಿ ಕುಡಿಸುವುದು, ಹುಣ್ಣು ತೊಳೆಯುವುದು, ಮೈ ಒರೆಸಿ ಮಗ್ಗುಲು ಬದಲಿಸುವುದು ತೋಂಟೇಶನ ಪಾಲಿನ ಕೆಲಸ. ಆ ಕೆಲಸಕ್ಕೆ ಬೇರೆ ಯಾರೂ ಇರಲಿಲ್ಲ. ಕೇಳಿಸಿಕೊಂಡವರು ಮಠದ ಗುರು ನಿರ್ವಾಣಯ್ಯನವರು. ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಈ ಪ್ರಶ್ನೆಗೆ ಅವರು ಸಿಟ್ಟಾಗಲಿಲ್ಲ.

ಆ ಮಧ್ಯಾಹ್ನ ನಂಜಯ್ಯ ಎಂಬ ರೋಗಿ ಸತ್ತಿದ್ದ. ತೋಂಟೇಶ ಕೆಲವು ದಿನಗಳಿಂದ ಅವನ ಚಾಪೆ ಬಿಟ್ಟು ಎದ್ದಿರಲಿಲ್ಲ. ಉಂಡಿರಲಿಲ್ಲ, ಕಣ್ಣು ಮುಚ್ಚಿರಲಿಲ್ಲ. ಮಠದಲ್ಲಿ ಒಂದು ಕಟ್ಟಳೆ ಇತ್ತು. ಆರೈಕೆ ಮಾಡುವವನು ಮಧ್ಯಾಹ್ನ ಉಂಡು, ದನ ಮನೆಗೆ ಬರುವ ಹೊತ್ತಿನವರೆಗೆ ಮಲಗಲೇಬೇಕು. ತೋಂಟೇಶ ಒಲ್ಲೆ ಎಂದ. ಗುರುಗಳು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಕೋಣೆಗೆ ನೂಕಿ, ಹೊರಗಿನಿಂದ ಚಿಲಕ ಹಾಕಿದರು. ಅವನು ಬಾಗಿಲು ಬಡಿದ, ಬೈದ, ಕೊನೆಗೆ ನಿದ್ದೆ ಹೋದ. ಅವನು ನಿದ್ದೆಯಲ್ಲಿದ್ದಾಗ ನಂಜಯ್ಯ "ತೋಂಟೇಶಪ್ಪ ಎಲ್ಲಿ?" ಎಂದು ಕೇಳುತ್ತಲೇ ಪ್ರಾಣ ಬಿಟ್ಟ. ಗುರುಗಳೇ ಅವನ ಬಾಯಿಗೆ ನೀರು ಬಿಟ್ಟರು.

"ನನ್ನ ಕೈಯಲ್ಲಿ ಇನ್ನೂ ಕಸುವಿತ್ತು ಬುದ್ಧೀ" ಎಂದ ತೋಂಟೇಶ. "ನಾನು ಇನ್ನೂ ಕೂರಬಲ್ಲವನಾಗಿದ್ದೆ. ಇದ್ದದ್ದನ್ನು ಕೊಡಲು ನೀವು ಬಿಡಲಿಲ್ಲ. ಕೇಳಿದವನ ಮುಂದೆ ನನ್ನನ್ನು ಇಲ್ಲ ಅನ್ನಿಸಿಬಿಟ್ಟಿರಿ. ಇದು ಧರ್ಮವೋ?"

"ಕೂತುಕೋ" ಎಂದರು ಗುರುಗಳು. "ಅಳುವುದಿದ್ದರೆ ಅತ್ತು ಮುಗಿಸಿ ಕೂತುಕೋ. ನಾನು ಅವಸರದಲ್ಲಿಲ್ಲ."

ತೋಂಟೇಶ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಮೇಸ್ತ್ರಿ ಇದ್ದ. ಲಾರಿ ರಿಪೇರಿ ಮಾಡುವ ಮೇಸ್ತ್ರಿ. ಈ ಕಡೆಯವನೇ. ಹೊಟ್ಟೆಪಾಡಿಗೆಂದು ಉತ್ತರಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟವನು. ಹಿಮ ಬೀಳುವ ಬೆಟ್ಟದ ಬುಡದಲ್ಲಿ ಅವನ ಶೆಡ್ಡು. ಬೆಟ್ಟ ಹತ್ತುವ ಲಾರಿಗಳೆಲ್ಲ ಅವನ ಕಣ್ಣ ಮುಂದೆಯೇ ಹೋಗಬೇಕು. ನಮ್ಮ ಅಂಗಳದಲ್ಲಿ ಲಾರಿ ನಿಲ್ಲಿಸಿ ಉಂಡು ಹೋಗುತ್ತಾರಲ್ಲ, ಅವರ ಬಾಯಲ್ಲಿ ಕೇಳಿದ ಕತೆ ಇದು. ನಂಬುವುದಿದ್ದರೆ ನಂಬು, ಬಿಡುವುದಿದ್ದರೆ ಬಿಡು.

ಅಲ್ಲಿಯ ಚಳಿ ನೀನು ಕಂಡ ಚಳಿಯಲ್ಲ. ನಮ್ಮ ಚಳಿ ಶಿವರಾತ್ರಿ ಬಂದರೆ ಶಿವಶಿವಾ ಎಂದು ಹೊರಟುಹೋಗುತ್ತದೆ. ಅಲ್ಲಿಯದು ಹೋಗುವಾಗ ಬೆರಳೋ ಕಿವಿಯೋ ಕಿತ್ತುಕೊಂಡು ಹೋಗುತ್ತದೆ. ಲಾರಿಯವರು ದಾರಿಯಲ್ಲೇ ಮಲಗಬೇಕು. ಎಂಜಿನ್ ಚಾಲೂ ಇಟ್ಟು ಮಲಗಿದರೆ ಇದ್ದಬದ್ದ ಡೀಸೆಲ್ಲೆಲ್ಲ ಬೆಳಗಾಗುವುದರಲ್ಲಿ ಹೊಗೆಯಾಗುತ್ತದೆ. ಅದಕ್ಕೆ ಅವರು ಕ್ಯಾಬಿನ್ನಿಗೆ ಬೇರೆ ಒಂದು ಹೀಟರ್ ಹಾಕಿಸುತ್ತಾರೆ. ಎಂಜಿನ್ ನಿಂತಿದ್ದರೂ ಅದು ತನ್ನಷ್ಟಕ್ಕೆ ಉರಿಯುತ್ತದೆ, ಕ್ಯಾಬಿನ್ ಬೆಚ್ಚಗಿರುತ್ತದೆ. ಅದೂ ಕುಡಿಯುವುದು ಡೀಸೆಲ್ಲನ್ನೇ. ಅದಕ್ಕೆಂದು ಬೇರೆ ಟ್ಯಾಂಕಿಲ್ಲ. ಲಾರಿಯ ಟ್ಯಾಂಕಿಗೇ ಇನ್ನೊಂದು ಸಣ್ಣ ಕೊಳವೆ ಇಳಿಸಬೇಕು.

ಆ ಕೊಳವೆ ಇಳಿಸುವುದರಲ್ಲಿ ಮೇಸ್ತ್ರಿಯದು ಎತ್ತಿದ ಕೈ. ಟ್ಯಾಂಕಿನ ನೆತ್ತಿಯ ಮೇಲೆ ಜಾಗ ನೋಡಿ ತೂತು ಕೊರೆಯುತ್ತಿದ್ದ. ಕೊರೆಯುವ ಮೊದಲು ಡ್ರಿಲ್ಲಿನ ಮೂತಿಗೆ ದಪ್ಪಗೆ ಗ್ರೀಸ್ ಬಳಿಯುತ್ತಿದ್ದ. ಕಬ್ಬಿಣದ ಚೂರು ಗ್ರೀಸಿಗೆ ಅಂಟಬೇಕು, ಒಳಗೆ ಬೀಳಬಾರದು. ಆಮೇಲೆ ಒಂದು ಕಡ್ಡಿ ಇಳಿಸಿ ಆಳ ನೋಡುತ್ತಿದ್ದ. ಕಡ್ಡಿಯನ್ನು ಕೊಳವೆಯ ಪಕ್ಕ ಇಟ್ಟು, ತುದಿಯಲ್ಲಿ ನಾಲ್ಕು ಬೆರಳು ಹಿಡಿದು, ಅಷ್ಟನ್ನು ಬಿಟ್ಟು ಕೊಳವೆ ಕತ್ತರಿಸುತ್ತಿದ್ದ. ಹೀಟರಿನ ಕೊಳವೆ ತಳ ಮುಟ್ಟಬಾರದು. ತಳದಿಂದ ನಾಲ್ಕು ಬೆರಳು ಮೇಲೆ ನಿಲ್ಲಬೇಕು. ತಳದ ಹತ್ತಿರದವರೆಗೆ ಇಳಿಯುವ ಹಕ್ಕು ಎಂಜಿನ್ನಿನ ಕೊಳವೆಗೆ ಮಾತ್ರ.

ಯಾಕೆ ಅಂತ ಕೇಳು. ಎಣ್ಣೆ ಇಳಿಯುತ್ತಾ ಇಳಿಯುತ್ತಾ ನಾಲ್ಕು ಬೆರಳಿಗೆ ಬಂದಾಗ ಹೀಟರಿನ ಕೊಳವೆಗೆ ಗಾಳಿ ಸಿಗುತ್ತದೆ. ಹೀಟರ್ ಆರುತ್ತದೆ. ಮಲಗಿದ್ದವನಿಗೆ ಚಳಿ ಹತ್ತುತ್ತದೆ. ಎದ್ದು ಕೂರುತ್ತಾನೆ. ಹೀಟರಿಗೆ ಬೈಯುತ್ತಾನೆ, ಮೇಸ್ತ್ರಿಗೆ ಬೈಯುತ್ತಾನೆ, ಮೇಸ್ತ್ರಿಯನ್ನು ಹೆತ್ತವರಿಗೂ ಬೈಯುತ್ತಾನೆ. ಬೈದುಕೊಂಡೇ ಕೀಲಿ ತಿರುಗಿಸುತ್ತಾನೆ. ಎಂಜಿನ್ ಹತ್ತುತ್ತದೆ. ಉಳಿದ ನಾಲ್ಕು ಬೆರಳು ಎಣ್ಣೆ ಅವನನ್ನು ಬೆಟ್ಟ ದಾಟಿಸುತ್ತದೆ.

ಆ ಶೆಡ್ಡಿಗೆ ಇಬ್ಬರು ಡ್ರೈವರುಗಳು ಬರುತ್ತಿದ್ದರು. ಒಬ್ಬ ಹಿರಿಯ, ಒಬ್ಬ ಕಿರಿಯ. ಅವರೂ ಈ ಕಡೆಯವರೇ, ಒಬ್ಬನೇ ಧಣಿಯ ಲಾರಿಗಳು. ಆ ಬೆಟ್ಟಕ್ಕೆ ಒಂಟಿಯಾಗಿ ಯಾರೂ ಹೋಗುವುದಿಲ್ಲ. ಜೋಡಿ ಲಾರಿ ಹೋಗುವುದು ರೂಢಿ. ಕಿರಿಯವನು ಮುಂದೆ, ಹಿರಿಯವನು ಹಿಂದೆ. ಮುಂದಿನ ಲಾರಿ ಕೆಟ್ಟರೆ ಹಿಂದಿನವನು ನಿಂತು ನೋಡಬೇಕು. ಬಿಟ್ಟು ಹೋದವನಿಗೆ ಆಮೇಲೆ ಯಾವ ಢಾಬಾದಲ್ಲೂ ಯಾರೂ ಪಕ್ಕದಲ್ಲಿ ಜಾಗ ಕೊಡುವುದಿಲ್ಲ. ಇಬ್ಬರ ಲಾರಿಗೂ ಮೇಸ್ತ್ರಿಯೇ ಹೀಟರ್ ಕೂರಿಸಿದ. ಇಬ್ಬರಿಗೂ ನಾಲ್ಕು ಬೆರಳು ಬಿಟ್ಟ.

ಮೊದಲ ಚಳಿಗಾಲದಲ್ಲೇ ಕಿರಿಯವನು ಕುಂಟುತ್ತಾ ಶೆಡ್ಡಿಗೆ ಬಂದ. ಬಂದವನೇ ಬೂಟು ಕಿತ್ತೆಸೆದು ಕಾಲು ಮುಂದೆ ಚಾಚಿದ. ಹೆಬ್ಬೆರಳು ಕಪ್ಪಗಾಗಿತ್ತು. ಪಕ್ಕದ ಬೆರಳೂ ಅದೇ ದಾರಿ ಹಿಡಿದಿತ್ತು.

"ಮೇಸ್ತ್ರಿ, ನಿನ್ನ ಹೀಟರ್ ಸುಳ್ಳು ಹೇಳುತ್ತದೆ" ಎಂದ. "ದಾರಿ ಮುಚ್ಚಿ ನಿಂತಿದ್ದೆವು. ಇದು ಎಣ್ಣೆ ಇಲ್ಲ ಅಂತ ಆರಿಹೋಯಿತು. ಕಡ್ಡಿ ಹಾಕಿ ನೋಡಿದರೆ ಎಣ್ಣೆ ಇದೆ! ಎಣ್ಣೆಯ ಮೇಲೆ ಕೂತುಕೊಂಡು ಚಳಿಗೆ ಸಾಯಬೇಕೇನು ನಾನು?"

"ಅದು ಹೀಟರಿನ ಎಣ್ಣೆಯಲ್ಲಪ್ಪಾ" ಎಂದ ಮೇಸ್ತ್ರಿ. "ದಾರಿಯ ಎಣ್ಣೆ."

"ನಾನು ಬದುಕಿದ್ದರೆ ತಾನೇ ದಾರಿ?" ಎಂದ ಕಿರಿಯವನು. "ಮನೆಯಲ್ಲಿ ಕಣಜ ತುಂಬ ಇಟ್ಟುಕೊಂಡು ಮಗುವಿಗೆ ಅನ್ನ ಇಲ್ಲ ಅಂತಾರೇನು? ನಿನಗೆ ಮಕ್ಕಳಿದ್ದಾರೋ ಇಲ್ಲವೋ ಮೇಸ್ತ್ರಿ?"

ಮೇಸ್ತ್ರಿ ಆ ಬೆರಳನ್ನೇ ನೋಡಿದ. ಅವನ ಕರುಳು ಚುರುಕ್ ಎಂದಿತು. ತನ್ನ ಕೈಯಾರೆ ಕತ್ತರಿಸಿದ ಕೊಳವೆಯಿಂದ ಒಬ್ಬನ ಕಾಲು ಹೋಗುತ್ತಿದೆಯಲ್ಲಾ ಎನ್ನಿಸಿತು. ನೋಡು ತೋಂಟೇಶ, ಕಲ್ಲು ಮನಸ್ಸಿನವನಿಗೆ ಇಲ್ಲ ಎನ್ನುವುದು ಬಲು ಸುಲಭ. ಅವನಿಗೆ ಅದು ಎಲೆ ಅಡಿಕೆ ಉಗಿದಷ್ಟು ಸಲೀಸು. ಕರುಳಿದ್ದವನಿಗೇ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವುದು. ಮೇಸ್ತ್ರಿಗೆ ಕರುಳಿತ್ತು. ಅವನು ಆಸೆಗೆ ಮಾಡಲಿಲ್ಲ, ಅಂಜಿಕೆಗೆ ಮಾಡಲಿಲ್ಲ. ಅಯ್ಯೋ ಪಾಪ ಎಂದು ಮಾಡಿದ.

ಕೊಳವೆಯನ್ನು ಬಿಚ್ಚಿ ಹೊರಗೆಳೆದ. ಅದರ ತುದಿಗೆ ಒಂದು ತುಂಡು ರಬ್ಬರ್ ಪೈಪು ಸಿಕ್ಕಿಸಿ ತಂತಿ ಸುತ್ತಿ ಬಿಗಿದ. ಮತ್ತೆ ಇಳಿಸಿದ. ಈಗ ಅದು ತಳ ಮುಟ್ಟಿತು. ಎಂಜಿನ್ನಿನ ಕೊಳವೆಗಿಂತಲೂ ಒಂದು ಕೂದಲು ಕೆಳಗೇ ಇಳಿಯಿತು.

"ಇನ್ನು ಕೊನೆಯ ಹನಿಯವರೆಗೂ ಉರಿಯುತ್ತದೆ, ಹೋಗು" ಎಂದ. ಕಿರಿಯವನು ಅವನ ಕಾಲು ಮುಟ್ಟಲು ಬಂದ. ಮೇಸ್ತ್ರಿ ಬಿಡಲಿಲ್ಲ.

ಹಿರಿಯವನು ಅಲ್ಲೇ ಟೈರಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. "ನಿನ್ನದಕ್ಕೂ ಹೀಗೇ ಮಾಡಿಬಿಡಲೇ?" ಎಂದು ಮೇಸ್ತ್ರಿ ಕೇಳಿದ.

"ನನ್ನದನ್ನು ಮುಟ್ಟಬೇಡ" ಎಂದ ಹಿರಿಯವನು. "ಅವನದಕ್ಕೂ ಮಾಡಬಾರದಿತ್ತು ಮೇಸ್ತ್ರಿ. ಅವನಿಗೆ ಇನ್ನೊಂದು ರಗ್ಗು ಕೊಡಬೇಕಿತ್ತು."

"ನಿಮ್ಮದು ಎಮ್ಮೆ ಚರ್ಮ ಕಣಣ್ಣೋ, ನಿಮಗೇನು!" ಎಂದು ಕಿರಿಯವನು ನಕ್ಕ. ಹಿರಿಯವನೂ ನಕ್ಕ. ಮಾತು ಅಲ್ಲಿಗೆ ನಿಂತಿತು.

ಇಲ್ಲಿ ತೋಂಟೇಶ ತಡೆಯಲಾರದೆ ಬಾಯಿ ಹಾಕಿದ. "ಮೇಸ್ತ್ರಿ ಮಾಡಿದ್ದೇ ಸರಿ ಬುದ್ಧೀ. ಕೊಳೆಯುತ್ತಿರುವ ಕಾಲನ್ನು ಕಣ್ಣಾರೆ ನೋಡಿ ಯಾರಾದರೂ ಇಲ್ಲ ಎನ್ನುತ್ತಾರೆಯೇ? ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ."

"ಗೊತ್ತು" ಎಂದರು ಗುರುಗಳು. "ಗೊತ್ತಿದ್ದದ್ದಕ್ಕೇ ಈ ಕತೆ ಎತ್ತಿಕೊಂಡದ್ದು. ಬಾಯಿ ಮುಚ್ಚಿಕೊಂಡು ಕೇಳು."

ಕಿರಿಯವನಿಗೆ ಸುಖವಾಯಿತು. ಇದನ್ನು ಮುಚ್ಚಿಟ್ಟು ಕತೆ ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ. ಒಂದು ಬೆರಳು ಹೋಯಿತು, ಉಳಿದ ಕಾಲು ಉಳಿಯಿತು. ಆ ಚಳಿಗಾಲವೆಲ್ಲ ಅವನು ಬೆಚ್ಚಗೆ ಮಲಗಿದ. ಬೆಟ್ಟ ಇಳಿದು ಬಂದಾಗಲೆಲ್ಲ ಮೇಸ್ತ್ರಿಗೆ ಒಣ ಹಣ್ಣಿನ ಪೊಟ್ಟಣ ತರುತ್ತಿದ್ದ. "ನೀನು ನನ್ನ ಪಾಲಿನ ದೇವರು" ಎನ್ನುತ್ತಿದ್ದ. ಮೇಸ್ತ್ರಿಗೂ ಹಿಗ್ಗು. ಯಾರಿಗೆ ಬೇಡ ಹೇಳು, ದೇವರು ಅನ್ನಿಸಿಕೊಳ್ಳುವುದು? ನೀನೂ ನಾಲ್ಕು ಸಲ ಅನ್ನಿಸಿಕೊಂಡಿದ್ದೀಯ. ನಿನ್ನ ಮುಖ ಅರಳಿದ್ದನ್ನು ನಾನು ನೋಡಿಲ್ಲವೇ?

ಆದರೆ ಒಂದು ಎಚ್ಚರಿಕೆ ಹೋಯಿತು. ಅವರ ಲಾರಿಗಳಲ್ಲಿ ಎಣ್ಣೆ ಎಷ್ಟಿದೆ ಎಂದು ತೋರಿಸುವ ಮುಳ್ಳು ಎಂದೋ ಕೆಟ್ಟು ಬಿದ್ದಿತ್ತು. ಯಾವ ಲಾರಿಯ ಮುಳ್ಳು ನೆಟ್ಟಗಿರುತ್ತದೆ? ಕಡ್ಡಿ ಹಾಕಿ ನೋಡಬೇಕು. ಮೊದಲು ಹೀಟರ್ ಆರಿತೆಂದರೆ, ಎಣ್ಣೆ ಕಡಿಮೆಯಾಯಿತು, ಬಂಕು ನೋಡು ಎಂದು ಯಾರೋ ತಟ್ಟಿ ಎಬ್ಬಿಸಿದ ಹಾಗಿತ್ತು. ಈಗ ತಟ್ಟಿ ಎಬ್ಬಿಸುವವರು ಯಾರೂ ಇಲ್ಲ. ಬೆಚ್ಚಗಿರುವವನು ಕಡ್ಡಿ ಹಾಕಲು ಹೊರಗೆ ಬರುವುದಿಲ್ಲ. ಅದು ಅವನೊಬ್ಬನ ಗುಣವಲ್ಲ, ನಮ್ಮೆಲ್ಲರ ಗುಣ.

ಮರುವರ್ಷ ಹಿಮ ಬೇಗ ಬಿತ್ತು. ಇಬ್ಬರೂ ಬೆಟ್ಟ ಹತ್ತುತ್ತಿದ್ದರು. ಇನ್ನು ಸ್ವಲ್ಪ ಏರಿದರೆ ಕಣಿವೆಯ ಬಾಯಿ, ಅಲ್ಲಿಂದಾಚೆ ಇಳಿಜಾರು. ಅಷ್ಟರಲ್ಲಿ ಮುಂದೆ ದಾರಿ ಮುಚ್ಚಿತು. ಲಾರಿಗಳು ಸಾಲಾಗಿ ನಿಂತವು. ಸಾಲಿನ ಕೊನೆಯಲ್ಲಿ ಇವರಿಬ್ಬರದು. ಕಿರಿಯವನ ಲಾರಿ, ಅದರ ಹಿಂದೆ ಹಿರಿಯವನ ಲಾರಿ. ಒಂದು ಪಕ್ಕ ಬೆಟ್ಟ, ಒಂದು ಪಕ್ಕ ಪ್ರಪಾತ. ಒಂದು ಲಾರಿಯನ್ನು ದಾಟಿ ಇನ್ನೊಂದು ಹೋಗಲು ಜಾಗವಿಲ್ಲ. ಸಂಜೆಗೆ ಅವರ ಹಿಂದೆಯೂ ಹಿಮ ಜಾರಿ ಬಂದು ವಾಪಸು ದಾರಿ ಮುಚ್ಚಿತು.

ಹಾಗೇ ದಿನಗಳು ಹೋದವು. ಹಿರಿಯವನ ಹೀಟರ್ ಮೊದಲು ಆರಿತು. ಅವನು ಇದ್ದ ರಗ್ಗು, ಗೋಣಿಚೀಲ, ತಾಡಪಾಲು ಎಲ್ಲ ಹೊದ್ದು ಕೂತ. ಹಲ್ಲು ಕಟಕಟ ಎನ್ನುತ್ತಿದ್ದವು. ಕಿರಿಯವನ ಹೀಟರ್ ಉರಿಯುತ್ತಲೇ ಇತ್ತು. ಹಿರಿಯವನು ಇಳಿದು ಬಂದು ಅವನ ಕ್ಯಾಬಿನ್ನಿನ ಗಾಜು ತಟ್ಟಿದ.

"ಕಡ್ಡಿ ಹಾಕಿ ನೋಡಿದೆಯೇನೋ?"

"ಉರಿಯುತ್ತಿದೆಯಲ್ಲಣ್ಣ! ಉರಿಯುತ್ತಿದೆ ಅಂದರೆ ಎಣ್ಣೆ ಇದೆ ಅಂತ ತಾನೇ? ಒಳಗೆ ಬನ್ನಿ, ಬೆಚ್ಚಗಿದೆ."

"ನಾನು ಬಂದು ಬೆಚ್ಚಗೆ ಮಲಗಿದರೆ ನನ್ನ ಲಾರಿ ನೋಡುವವರು ಯಾರು? ನೀನು ಕಡ್ಡಿ ಹಾಕು" ಎಂದು ಹಿರಿಯವನು ಹಿಂದಿರುಗಿದ. ಕಿರಿಯವನು ಹೂಂ ಎಂದ. ಗಾಜು ಏರಿಸಿದ. ಬಿಸಿ ಹೊರಗೆ ಹೋಗುತ್ತದಲ್ಲ! ಆಮೇಲೆ ಹಾಕೋಣ ಎಂದುಕೊಂಡ. ಆಮೇಲೆ ಕಣ್ಣು ಎಳೆಯಿತು.

ಒಂದು ಬೆಳಿಗ್ಗೆ ಅವನಿಗೆ ಚಳಿಯಾಗಿ ಎಚ್ಚರವಾಯಿತು. ಹೀಟರ್ ಆರಿತ್ತು. ಅದೇ ಹೊತ್ತಿಗೆ ಹೊರಗೆ ಕೂಗು. ದಾರಿ ಬಿಡಿಸುವವರು ಬಂದಿದ್ದರು. ಮುಂದಿನ ಹಿಮ ತಳ್ಳಿ ಆಗಿತ್ತು. ಆದರೆ ಅವರು ಮೇಲಿನ ಬೆಟ್ಟದ ಕಡೆಗೆ ಕೈ ತೋರಿಸಿ ಕೂಗುತ್ತಿದ್ದರು. ಮೇಲೆ ಹಿಮ ಸಡಿಲವಾಗಿದೆ, ಬಿಸಿಲು ಬಿತ್ತೆಂದರೆ ಕೆಳಗೆ ಬರುತ್ತದೆ. ಬಿಸಿಲು ಬೀಳುವುದರೊಳಗೆ ಎಲ್ಲರೂ ಹೊರಡಿ, ಹೊರಡಿ!

ಮುಂದಿನ ಲಾರಿಗಳು ಒಂದೊಂದಾಗಿ ಹೊರಟವು. ಕಿರಿಯವನು ಕೀಲಿ ತಿರುಗಿಸಿದ. ಎಂಜಿನ್ ಕೆಮ್ಮಿತು, ನಿಂತಿತು. ಮತ್ತೆ ತಿರುಗಿಸಿದ. ಕೆಮ್ಮಲೂ ಇಲ್ಲ. ಅವನ ಹಿಂದೆ ಹಿರಿಯವನ ಲಾರಿ ಒಂದೇ ಸಲಕ್ಕೆ ಗುಡುಗಿ ಎದ್ದಿತು. ಎಣ್ಣೆ ಇತ್ತಲ್ಲ, ನಾಲ್ಕು ಬೆರಳು! ಹಿರಿಯವನು ಹಾರನ್ ಹೊಡೆದ. ಮುಂದಿನದು ಅಲುಗಲಿಲ್ಲ. ಇಳಿದು ಓಡಿ ಬಂದ. ಟ್ಯಾಂಕಿನ ಮುಚ್ಚಳ ತೆಗೆದು ತಾನೇ ಕಡ್ಡಿ ಇಳಿಸಿ ಎತ್ತಿದ. ಕಡ್ಡಿಯ ತುದಿಗೆ ಕೆಸರು ಮೆತ್ತಿಕೊಂಡು ಬಂತು. ಎಣ್ಣೆ ಇರಲಿಲ್ಲ.

ಕಿರಿಯವನ ಮುಖ ಬಿಳಿಚಿಕೊಂಡಿತು. "ಅಣ್ಣಾ, ಉರಿಯುತ್ತಿತ್ತು... ಈಗಷ್ಟೇ ಉರಿಯುತ್ತಿತ್ತು..." ಎಂದ.

ಹಿರಿಯವನು ಬೈದನೇ? ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ. ತನ್ನ ಟ್ಯಾಂಕಿಗೆ ರಬ್ಬರ್ ಪೈಪು ಇಳಿಸಿ, ಬಾಯಲ್ಲಿ ಹೀರಿ, ಒಂದು ಕ್ಯಾನು ತುಂಬಿಸಿ ತಂದು ಕಿರಿಯವನ ಟ್ಯಾಂಕಿಗೆ ಸುರಿದ. ಆದರೆ ಒಮ್ಮೆ ಪೂರ್ತಿ ಬತ್ತಿದ ಕೊಳವೆಗೆ ಎಣ್ಣೆ ಸುರಿದ ಕೂಡಲೇ ಜೀವ ಬರುವುದಿಲ್ಲ. ಒಳಗೆಲ್ಲ ಗಾಳಿ ಹಿಡಿದಿರುತ್ತದೆ. ಗಾಳಿ ಹೋಗುವವರೆಗೆ ಕೈಯಲ್ಲಿ ಒತ್ತಿ ಒತ್ತಿ ಎಣ್ಣೆ ಎಳೆಯಬೇಕು. ಕಿರಿಯವನು ಒತ್ತಿದ. ಎಂಜಿನ್ ಒಮ್ಮೆ ಹತ್ತಿತು. ಶಿವನೇ ಎಂದರು ಇಬ್ಬರೂ. ಮತ್ತೆ ಆರಿತು. ಏರಿನಲ್ಲಿ ನಿಂತ ಲಾರಿ, ಸುರಿದ ಎಣ್ಣೆಯೆಲ್ಲ ಟ್ಯಾಂಕಿನ ಒಂದು ಮೂಲೆಗೆ ಸೇರಿಕೊಂಡಿತ್ತು. ಕೊಳವೆಗೆ ಎಟುಕುತ್ತಿರಲಿಲ್ಲ. ಇನ್ನೊಂದು ಕ್ಯಾನು ಬೇಕಿತ್ತು.

ದಾರಿ ಬಿಡಿಸುವವರ ಜೀಪು ಮುಂದೆ ನಿಂತಿತ್ತು. "ಲಾರಿ ಬಿಟ್ಟು ಬನ್ನಿ!" ಎಂದು ಅವರು ಕೂಗಿದರು.

"ನೀನು ಹೋಗಿ ಹತ್ತು" ಎಂದ ಹಿರಿಯವನು. "ನಿನ್ನ ಕಾಲು ಓಡುವ ಕಾಲಲ್ಲ. ಇನ್ನೊಂದು ಕ್ಯಾನು ಹೊಯ್ದರೆ ಇದು ಹತ್ತುತ್ತದೆ. ಇದನ್ನು ಮುಂದಿನ ತಿರುವಿನ ಅಗಲಕ್ಕೆ ದಾಟಿಸಿ ನಿಲ್ಲಿಸಿ, ನನ್ನದನ್ನು ತರುತ್ತೇನೆ."

ಯಾಕೆ ಬಿಟ್ಟು ಹೋಗಲಿಲ್ಲ ಎನ್ನುತ್ತೀಯ? ಕೆಟ್ಟ ಲಾರಿಯನ್ನು 'ಹಾಳಾಗಿ ಹೋಗು' ಎಂದು ಬಿಟ್ಟು ಓಡಬಹುದು. ಹಿಂದೆ ಅವನ ಲಾರಿ ಚಾಲೂ ಇತ್ತು ಕಣೋ. ಗುಡುಗುಡು ಎನ್ನುತ್ತಿತ್ತು. ನೆಟ್ಟಗಿರುವ ಲಾರಿಯನ್ನು ಯಾವ ಡ್ರೈವರು ಬಿಟ್ಟು ಹೋಗುತ್ತಾನೆ?

ಕಿರಿಯವನು ಕುಂಟುತ್ತಾ ಹೋಗಿ ಜೀಪು ಹತ್ತಿದ. ಹತ್ತಿ ಹಿಂದಿರುಗಿ ನೋಡಿದ. ಹಿರಿಯವನು ಕ್ಯಾನು ಹಿಡಿದು ತನ್ನ ಲಾರಿಯ ಕಡೆಗೆ ಓಡುತ್ತಿದ್ದ. ಟ್ಯಾಂಕಿನ ಪಕ್ಕ ಕುಕ್ಕುರುಗಾಲಲ್ಲಿ ಕೂತ. ಬೆಟ್ಟದ ನೆತ್ತಿಗೆ ಬಿಸಿಲು ಬಿತ್ತು.

ದೊಡ್ಡ ಸದ್ದೇನೂ ಆಗಲಿಲ್ಲವಂತೆ. ಮೂಟೆ ಮೇಲಿನಿಂದ ಜಾರಿದ ಹಾಗೆ ಒಂದು ಸದ್ದು. ಕಣ್ಣು ಮಿಟುಕಿಸುವುದರಲ್ಲಿ ಹಿಂದಿನ ಲಾರಿ ಇರಲಿಲ್ಲ. ಎಂಜಿನ್ನಿನ ಗುಡುಗುಡು ಸ್ವಲ್ಪ ಹೊತ್ತು ಹಿಮದ ಒಳಗಿನಿಂದ ಕೇಳಿಸಿತು. ಆಮೇಲೆ ಅದೂ ನಿಂತಿತು. ಕಿರಿಯವನ ಲಾರಿ ಇದ್ದಲ್ಲೇ ಇತ್ತು. ಅದರ ಕನ್ನಡಿ ಕೂಡ ಒಡೆಯಲಿಲ್ಲ.

ಅಗೆದು ತೆಗೆದಾಗ ಹಿರಿಯವನು ಕುಕ್ಕುರುಗಾಲಲ್ಲೇ ಇದ್ದ. ಪೈಪು ಬಾಯಲ್ಲೇ ಇತ್ತು. ಅವನ ಟ್ಯಾಂಕಿಗೆ ಯಾರೋ ಕಡ್ಡಿ ಹಾಕಿ ನೋಡಿದರು. ಬೆಟ್ಟ ದಾಟಲು ಬೇಕಾದಷ್ಟು ಎಣ್ಣೆ ಅದರಲ್ಲಿ ಇನ್ನೂ ಇತ್ತು.

ಕಿರಿಯವನು ಬೆಟ್ಟ ಇಳಿದು ನೇರ ಶೆಡ್ಡಿಗೆ ಬಂದ. ಮೇಸ್ತ್ರಿ ಇನ್ನೊಂದು ಲಾರಿಯ ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದ. ಹಿಮಕ್ಕೆ ಸಿಕ್ಕಿ ಒಬ್ಬ ಸತ್ತ ಎಂಬ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಕೊಳವೆ ಉದ್ದ ಮಾಡಿಸಿಕೊಂಡವನೇ ಇರಬೇಕು ಎಂದು ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಕಿರಿಯವನ ಕುಂಟು ಕಾಲು ಕಂಡಿತು. ತೆವಳಿ ಹೊರಗೆ ಬಂದ. "ಅಯ್ಯೋ ನನ್ನಪ್ಪಾ, ನೀನು ಬದುಕಿದ್ದೀಯ!" ಎಂದು ತಬ್ಬಿಕೊಂಡ.

ಕಿರಿಯವನು ನಡೆದದ್ದನ್ನು ಹೇಳಿದ. ಮೇಸ್ತ್ರಿ ಕೈ ಸಡಿಲಿಸಿದ.

"ಯಾವ ಲಾರಿ?" ಎಂದ.

ಕಿರಿಯವನು ಹೇಳಿದ.

"ಯಾವ ಲಾರಿ?" ಎಂದ ಮತ್ತೆ. ಮತ್ತೆ ಹೇಳಿದ. ಮೇಸ್ತ್ರಿ ಕೇಳಿದ್ದನ್ನೇ ಕೇಳುತ್ತಿದ್ದ. ಶೆಡ್ಡಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡಿದರು. ಆಮೇಲೆ ಅವನು ತನ್ನ ನಾಲ್ಕು ಬೆರಳು ಎತ್ತಿ ಎಲ್ಲರಿಗೂ ತೋರಿಸಿದ. "ಅವನಿಗೆ ಬಿಟ್ಟಿದ್ದೆನಲ್ರೋ!" ಎಂದು ಕೂಗಿದ. "ಅವನದನ್ನು ನಾನು ಮುಟ್ಟಲೇ ಇಲ್ಲವಲ್ರೋ! ಅವನಿಗೆ ಬಿಟ್ಟಿದ್ದೆ, ನಾಲ್ಕು ಬೆರಳು ಬಿಟ್ಟಿದ್ದೆ! ಅವನು ಹೇಗೆ ಸತ್ತ?"

ಮೇಸ್ತ್ರಿ ಬೆರಳು ಇಳಿಸಲೇ ಇಲ್ಲ. ಯಾರೋ ಹಿಡಿದು ಕೂರಿಸಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು. ತೋಂಟೇಶ ಯಾವಾಗಲೋ ಎದ್ದು ನಿಂತಿದ್ದ. ಎದ್ದದ್ದು ಅವನಿಗೆ ಗೊತ್ತಿರಲಿಲ್ಲ.

"ಇದೆಂಥ ಅನ್ಯಾಯ ಬುದ್ಧೀ!" ಎಂದ. "ತಪ್ಪು ಮಾಡಿಸಿಕೊಂಡವನು ಬದುಕಿದ. ತಪ್ಪು ಮಾಡಿದವನೂ ಬದುಕಿದ. ಸರಿಯಾಗಿ ಇದ್ದವನು ಸತ್ತ. ನಾನು ಕಿರಿಯವನು ಸಾಯುತ್ತಾನೆ ಎಂದುಕೊಂಡಿದ್ದೆ. ಸತ್ತರೂ ಬೆಚ್ಚಗೆ ಸತ್ತನಲ್ಲ, ಕೊನೆಯ ಹನಿಯವರೆಗೂ ಇಲ್ಲ ಅನ್ನಿಸಿಕೊಳ್ಳಲಿಲ್ಲವಲ್ಲ ಎಂದು ನಿಮಗೆ ಉತ್ತರ ಹೇಳಲು ಕಾದಿದ್ದೆ."

"ಹೇಳು ಮತ್ತೆ" ಎಂದರು ಗುರುಗಳು.

ತೋಂಟೇಶನ ಬೆನ್ನ ಹಿಂದೆ, ಆರೈಕೆ ಮನೆಯ ಒಳಗೆ ಯಾರೋ ಕೆಮ್ಮಿದರು. ಇನ್ನೊಂದು ಚಾಪೆಯಿಂದ ಒಂದು ಹೆಂಗಸಿನ ದನಿ, "ತೋಂಟೇಶಪ್ಪಾ, ಎದ್ದೆಯೇನಪ್ಪಾ? ಒಂದು ಗುಟುಕು ನೀರು" ಎಂದಿತು. ಅವನು ಕೇಳಿಸಿಕೊಳ್ಳಲಿಲ್ಲ. ಅವನ ಮನಸ್ಸು ಇನ್ನೂ ಹಿಮದ ಕೆಳಗಿನ ಮನುಷ್ಯನ ಹತ್ತಿರವೇ ಇತ್ತು.

"ಆ ಹಿರಿಯವನು ಮಾಡಿದ ತಪ್ಪಾದರೂ ಏನು ಬುದ್ಧೀ?"

ಗುರುಗಳು ನೀರಿನ ತಂಬಿಗೆ ಎತ್ತಿ ಅವನ ಕೈಗೆ ಕೊಟ್ಟು, ನೀರು ಕೇಳಿದ ದನಿಯ ಕಡೆಗೆ ಕೈ ತೋರಿಸಿದರು.

"ಏನೂ ಇಲ್ಲ ಕಣೋ, ಅವನು ನಿನ್ನ ಹಿಂದೆ ನಿಂತಿದ್ದ."